ಮರದ ಅಂಟು ಒಲೆಗೆ ಹೋಗುವ ಮುನ್ನ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿ ಎರಡು ಕಾಗದಗಳಿವೆ. ಎರಡನ್ನೂ ಒಂದೇ ಕಿಟಕಿಯ ಹತ್ತಿರ, ಒಂದೇ ಬಿಸಿಲಿನಲ್ಲಿ ಮೂರು ವಾರ ಇಟ್ಟಿದ್ದೆ. ಒಂದು ಬರೆಯುವ ಬಿಳಿ ಹಾಳೆ. ಅದು ಹಾಗೇ ಬೆಳ್ಳಗಿದೆ. ಇನ್ನೊಂದು ದಿನಪತ್ರಿಕೆಯ ಹಾಳೆ. ಹಿಂದಿನ ಸಾಲಿನವರಿಗೂ ಕಾಣುತ್ತಿರಬೇಕು, ಹಳದಿಗೆ ತಿರುಗಿದೆ. ಮಡಚಿದ್ದ ಒಳಭಾಗ ಮಾತ್ರ ಇನ್ನೂ ಪರವಾಗಿಲ್ಲ.

ಎರಡೂ ಮರದಿಂದಲೇ ಬಂದವು. ಬಿಳಿ ಹಾಳೆ ಮಾಡುವಾಗ ಮರದಲ್ಲಿದ್ದ ಒಂದು ವಸ್ತುವನ್ನು ಬೇಯಿಸಿ ತೆಗೆದಿದ್ದಾರೆ. ಪತ್ರಿಕೆಯ ಕಾಗದ ಮಾಡುವಾಗ ಮರವನ್ನು ಸುಮ್ನೆ ಅರೆದುಬಿಟ್ಟಿದ್ದಾರೆ, ಹಾಗಾಗಿ ಆ ವಸ್ತು ಒಳಗೇ ಉಳಿದಿದೆ. ಬಿಸಿಲು ಬಿದ್ದರೆ ಅದು ಬೆಳಕನ್ನು ಹೀರಿಕೊಳ್ಳುತ್ತದೆ, ಗಾಳಿಯ ಆಮ್ಲಜನಕದ ಜೊತೆ ಸೇರಿ ಬಣ್ಣ ಬದಲಿಸುತ್ತದೆ. ಆ ವಸ್ತುವಿನ ಹೆಸರು ಲಿಗ್ನಿನ್. ಇವತ್ತಿನ ಮಾತೆಲ್ಲ ಅದರದ್ದೇ.

ಕಾಗದದವರಿಗೆ ಈ ಹಳದಿ ಒಂದು ದೋಷ. ಆದರೆ ಇದನ್ನೇ ತಿರುಗಿಸಿ ನೋಡಿ. ಬಿಸಿಲಿನಲ್ಲಿರುವ ನೇರಳಾತೀತ ಕಿರಣವನ್ನು ತಾನೇ ಕುಡಿದುಬಿಡುವ ವಸ್ತುವೊಂದು ನಮ್ಮ ಕೈಯಲ್ಲಿದೆ ಅಂತಲೂ ಹೇಳಬಹುದು, ಅಲ್ವಾ? ಪೇಂಟ್ ಮಾಡುವವರು ಇಂಥ ವಸ್ತುವನ್ನು ದುಡ್ಡು ಕೊಟ್ಟು ತಂದು ಬೆರೆಸುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಒಂದು ಸಣ್ಣ ಸೀಸೆಯನ್ನು ಮುಂದಿನ ಸಾಲಿಗೆ ಕೊಡುತ್ತಿದ್ದೇನೆ. ಒಳಗಿರುವ ಕಂದು ಪುಡಿಯೇ ಲಿಗ್ನಿನ್. ನೋಡಿ, ಮೂಸಿ, ಪಕ್ಕದವರಿಗೆ ದಾಟಿಸಿ. ಮುಚ್ಚಳ ಮಾತ್ರ ಗಟ್ಟಿಯಾಗಿ ಹಾಕಿ.

ಮೊದಲು ಮರದೊಳಗೆ ಇದರ ಕೆಲಸವೇನು ನೋಡೋಣ. ಮರ ಅಂದರೆ ಮುಖ್ಯವಾಗಿ ಮೂರು ವಸ್ತುಗಳು. ಒಣಮರದ ತೂಕದಲ್ಲಿ 40ರಿಂದ 50 ಭಾಗ ಸೆಲ್ಯುಲೋಸ್. ಅದು ಉದ್ದನೆಯ ನಾರು. ಇನ್ನು 20ರಿಂದ 30 ಭಾಗ ಹೆಮಿಸೆಲ್ಯುಲೋಸ್, ಹೆಚ್ಚುಕಡಿಮೆ ಅಷ್ಟೇ ಲಿಗ್ನಿನ್. ಒಂದು ಹಗ್ಗವನ್ನು ನೀವು ಎಷ್ಟು ಬೇಕಾದರೂ ಎಳೆಯಬಹುದು, ಆದರೆ ನೆಟ್ಟಗೆ ನಿಲ್ಲಿಸೋಕಾಗಲ್ಲ. ಅದೇ ಹಗ್ಗವನ್ನು ಅಂಟಿನಲ್ಲಿ ಅದ್ದಿ ಒಣಗಿಸಿದರೆ ಕೋಲಿನ ಹಾಗೆ ನಿಲ್ಲುತ್ತದೆ. ಸೆಲ್ಯುಲೋಸ್ ಆ ಹಗ್ಗ, ಲಿಗ್ನಿನ್ ಆ ಅಂಟು. ರೆಡ್‌ವುಡ್ ಮರಗಳು ನೂರು ಮೀಟರ್ ದಾಟಿ ಬೆಳೆದು ನಿಲ್ಲುವುದು ಈ ಅಂಟಿನ ಬಲದಿಂದ.

ಅಂಟುವುದೊಂದೇ ಅಲ್ಲ. ಬೇರಿನಿಂದ ಎಲೆಗೆ ನೀರು ಹೋಗುವ ಕೊಳವೆಗಳ ಗೋಡೆಯಲ್ಲೂ ಲಿಗ್ನಿನ್ ಇದೆ. ಅದಕ್ಕೆ ನೀರು ಆಗಿಬರುವುದಿಲ್ಲ. ಹಾಗಾಗಿ ಗೋಡೆ ನೀರನ್ನು ಹೀರಿ ಮೆತ್ತಗಾಗುವುದಿಲ್ಲ, ನೀರು ಸೋರದೆ ಮೇಲೇರುತ್ತದೆ. ಜೊತೆಗೆ ಬ್ಯಾಕ್ಟೀರಿಯಾ, ಬೂಷ್ಟುಗಳಿಗೆ ಇದನ್ನು ಜೀರ್ಣಿಸಿಕೊಳ್ಳುವುದು ಬಹಳ ಕಷ್ಟ. ಅಂಟು, ನೀರುತಡೆ, ಕಾವಲು, ಬಿಸಿಲುತಡೆ. ನಾಲ್ಕು ಕೆಲಸ, ಒಂದು ವಸ್ತು. 1813ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಅಗಸ್ಟಿನ್ ಪಿರಾಮ್ ದ ಕಂಡೋಲ್ ಇದಕ್ಕೆ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಲಿಗ್ನಮ್ ಅಂದರೆ ಮರ, ಕಟ್ಟಿಗೆ. ಅಂದರೆ ಹೆಸರಿನಲ್ಲೂ ವಿಶೇಷವೇನಿಲ್ಲ, 'ಮರದ್ದು' ಅಂದ ಹಾಗೆ.

ಇನ್ನು ಸ್ವಲ್ಪ ರಸಾಯನಶಾಸ್ತ್ರ. ಹೆದರಬೇಡಿ, ಒಂದೇ ಒಂದು ವಿಷಯ ಹೇಳುತ್ತೇನೆ.

ಸೆಲ್ಯುಲೋಸ್ ಒಂದು ಮಣಿಹಾರ. ಒಂದೇ ಥರದ ಮಣಿ, ಒಂದೇ ಥರದ ಗಂಟು, ಮೊದಲಿಂದ ಕೊನೆತನಕ. ಲಿಗ್ನಿನ್‌ನಲ್ಲಿ ಮೂರು ಥರದ ಮಣಿಗಳಿವೆ. ಕೂಮರೈಲ್, ಕೋನಿಫೆರೈಲ್, ಸಿನಾಪೈಲ್ ಅನ್ನುವ ಮೂರು ಆಲ್ಕೋಹಾಲ್‌ಗಳು. ಮೂರರಲ್ಲೂ ಒಂದೊಂದು ಬೆಂಜೀನ್ ಉಂಗುರ ಇದೆ. ಮರ ಇವನ್ನು ಜೀವಕೋಶದ ಗೋಡೆಗೆ ತಂದು ಸುರಿದು, ಕಿಣ್ವಗಳಿಂದ ಕೆರಳಿಸಿ ಬಿಟ್ಟುಬಿಡುತ್ತದೆ. ಆಮೇಲೆ ಯಾವುದು ಯಾವುದಕ್ಕೆ, ಎಲ್ಲಿ ಅಂಟಿಕೊಳ್ಳುತ್ತದೆ ಅನ್ನುವುದಕ್ಕೆ ಗಟ್ಟಿ ನಿಯಮವಿಲ್ಲ. ಹೀಗಾಗಿ ಸಿಗುವುದು ಹಾರವಲ್ಲ, ಸಿಕ್ಕುಸಿಕ್ಕಾದ ಉಂಡೆ. ಸುಮಾರು ಅರ್ಧದಷ್ಟು ಕೊಂಡಿಗಳು ಮಾತ್ರ ಬೀಟಾ-ಓ-4 ಅನ್ನುವ ಒಂದೇ ಜಾತಿಯವು. ಇವುಗಳಲ್ಲಿ ನಡುವೆ ಒಂದು ಆಮ್ಲಜನಕ ಇರುತ್ತದೆ, ಹಾಗಾಗಿ ಮುರಿಯುವುದು ಅಷ್ಟು ಕಷ್ಟವಲ್ಲ. ಉಳಿದವುಗಳಲ್ಲಿ ಇಂಗಾಲಕ್ಕೆ ಇಂಗಾಲವೇ ನೇರವಾಗಿ ಕಚ್ಚಿಕೊಂಡಿರುವ ಹಟಮಾರಿಗಳು ಜಾಸ್ತಿ.

ಮರದಿಂದ ಮರಕ್ಕೂ ಇದು ಬೇರೆ. ಪೈನ್, ಸ್ಪ್ರೂಸ್‌ನಂಥ ಸೂಜಿಯೆಲೆ ಮರಗಳಲ್ಲಿ ಬಹುಪಾಲು ಎರಡನೇ ಮಣಿ. ಬರ್ಚ್, ನೀಲಗಿರಿಯಂಥ ಅಗಲ ಎಲೆಯವುಗಳಲ್ಲಿ ಎರಡನೆಯದೂ ಮೂರನೆಯದೂ ಬೆರೆತಿರುತ್ತವೆ. ಹುಲ್ಲಿನ ಜಾತಿಯಲ್ಲಿ ಮೂರೂ ಇವೆ. ಪ್ಲಾಸ್ಟಿಕ್ ಮಾಡುವವರಿಗೆ ಇದೊಂದು ತಲೆನೋವು. ಅವರಿಗೆ ಪ್ರತಿ ಮೂಟೆಯೂ ಹಿಂದಿನ ಮೂಟೆಯ ಹಾಗೆಯೇ ಇರಬೇಕು. ಲಿಗ್ನಿನ್ ಅಂಥ ಮಾತು ಕೊಡುವುದಿಲ್ಲ.

ಸರಿ, ಇಷ್ಟೊಂದು ಲಿಗ್ನಿನ್ ಈಗ ಎಲ್ಲಿ ಹೋಗುತ್ತಿದೆ? ಒಲೆಗೆ.

ಕಾಗದಕ್ಕೆ ಬೇಕಾದ ಪಲ್ಪ್, ಅಂದರೆ ನಾರಿನ ಮುದ್ದೆ, ಮಾಡುವ ಇವತ್ತಿನ ಮುಖ್ಯ ವಿಧಾನಕ್ಕೆ ಕ್ರಾಫ್ಟ್ ಅಂತ ಹೆಸರು. ಜರ್ಮನ್‌ನಲ್ಲಿ ಹಾಗಂದರೆ ಬಲ. ಕಾರ್ಲ್ ದಾಲ್ ಅನ್ನುವವರು ಇದಕ್ಕೆ 1884ರಲ್ಲಿ ಪೇಟೆಂಟ್ ಪಡೆದರು. ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಹಾಕಿ, ಒತ್ತಡದಲ್ಲಿ ಸುಮಾರು 170 ಡಿಗ್ರಿ ಸೆಲ್ಸಿಯಸ್‌ವರೆಗೆ ಬೇಯಿಸುತ್ತಾರೆ. ಲಿಗ್ನಿನ್ ತುಂಡಾಗಿ ಕರಗುತ್ತದೆ, ನಾರು ಬಿಡಿಬಿಡಿಯಾಗಿ ಉಳಿಯುತ್ತದೆ. ನಾರನ್ನು ತೊಳೆದು ಕಾಗದಕ್ಕೆ ಕಳಿಸುತ್ತಾರೆ. ಉಳಿದ ಕಪ್ಪು ನೀರಿಗೆ ಬ್ಲ್ಯಾಕ್ ಲಿಕರ್ ಅನ್ನುತ್ತಾರೆ. ಅದನ್ನು ಆವಿಯಾಗಿಸಿ ಕಾಕಂಬಿಯ ಹಾಗೆ ಗಟ್ಟಿ ಮಾಡಿ, ದೊಡ್ಡ ಬಾಯ್ಲರ್‌ನಲ್ಲಿ ಉರಿಸುತ್ತಾರೆ.

ಅಯ್ಯೋ, ಎಂಥ ದಂಡ ಅಂತ ಅನ್ನಿಸಬಹುದು. ಪತ್ರಿಕೆಗಳಲ್ಲೂ ಹಾಗೇ ಬರೆಯುತ್ತಾರೆ, 'ಕಸದಿಂದ ರಸ' ಅಂತ. ನಾನು ಇದನ್ನು ಒಪ್ಪುವುದಿಲ್ಲ. ಆ ಬಾಯ್ಲರ್ ಎರಡು ಕೆಲಸ ಮಾಡುತ್ತದೆ. ಬೇಯಿಸಲು ಹಾಕಿದ್ದ ರಾಸಾಯನಿಕಗಳನ್ನು ಮತ್ತೆ ಬಳಸುವ ರೂಪಕ್ಕೆ ತರುತ್ತದೆ. ಜೊತೆಗೆ ಇಡೀ ಕಾರ್ಖಾನೆಗೆ ಹಬೆ, ವಿದ್ಯುತ್ ಕೊಡುತ್ತದೆ. ಹೊಸ ಕಾರ್ಖಾನೆಗಳು ಹೆಚ್ಚಾದ ವಿದ್ಯುತ್ತನ್ನು ಹೊರಗೆ ಮಾರುವುದೂ ಉಂಟು. ಅಂದರೆ ಲಿಗ್ನಿನ್ ಅವರಿಗೆ ಕಸ ಅಲ್ಲ, ಸೌದೆ. ಆ ಸೌದೆಯನ್ನು ನಾವು ಕೇಳುತ್ತಿದ್ದೇವೆ ಅಂದಮೇಲೆ, ಅದಕ್ಕಿಂತ ಬೆಲೆಬಾಳುವ ಕೆಲಸ ತೋರಿಸಬೇಕಾದದ್ದು ನಮ್ಮ ಹೊಣೆ.

ಲೆಕ್ಕ ಹೀಗಿದೆ. ಪಲ್ಪ್ ಕಾರ್ಖಾನೆಗಳಲ್ಲಿ ವರ್ಷಕ್ಕೆ 5ರಿಂದ 7 ಕೋಟಿ ಟನ್ ಲಿಗ್ನಿನ್ ಮರದಿಂದ ಬೇರೆಯಾಗುತ್ತದೆ ಅಂತ ಅಂದಾಜು. ಅದರಲ್ಲಿ ಉರಿಸದೆ ವಸ್ತುವಾಗಿ ಮಾರಾಟವಾಗುವುದು ನೂರಕ್ಕೆ ಎರಡರಷ್ಟು. ಆ ಎರಡರಲ್ಲೂ ದೊಡ್ಡ ಪಾಲು ಲಿಗ್ನೋಸಲ್ಫೋನೇಟ್. ಇದು ಸಲ್ಫೈಟ್ ಅನ್ನುವ ಇನ್ನೊಂದು ಹಳೆಯ ಪಲ್ಪ್ ವಿಧಾನದಿಂದ ಬರುವಂಥದ್ದು, ನೀರಿನಲ್ಲಿ ಕರಗುತ್ತದೆ. ಕಾಂಕ್ರೀಟ್‌ಗೆ ಹಾಕಿದರೆ ಕಡಿಮೆ ನೀರಿನಲ್ಲೂ ಸಲೀಸಾಗಿ ಹರಿಯುತ್ತದೆ. ನಾರ್ವೆಯ ಸಾರ್ಪ್ಸ್‌ಬೋರ್ಗ್‌ನಲ್ಲಿ ಬೋರೆಗಾರ್ಡ್ ಕಂಪನಿ 1962ರಿಂದ ಮರದ ಲಿಗ್ನಿನ್‌ನಿಂದ ವೆನಿಲಿನ್, ಅಂದರೆ ವೆನಿಲಾದ ಪರಿಮಳ ಕೊಡುವ ವಸ್ತು, ಮಾಡುತ್ತಿದೆ. ಹಳೆಯ ಪುಸ್ತಕ ತೆರೆದಾಗ ಸಣ್ಣಗೆ ವೆನಿಲಾ ವಾಸನೆ ಬರುತ್ತದಲ್ಲ, ಅದಕ್ಕೂ ಕಾಗದದ ಲಿಗ್ನಿನ್ನೇ ಕಾರಣ.

ಈ ಕ್ಷೇತ್ರದಲ್ಲಿ ಒಂದು ಹಳೆಯ ತಮಾಷೆ ಇದೆ: ಲಿಗ್ನಿನ್‌ನಿಂದ ಏನು ಬೇಕಾದರೂ ಮಾಡಬಹುದು, ದುಡ್ಡೊಂದನ್ನು ಬಿಟ್ಟು. ಪ್ರತಿ ಸಮ್ಮೇಳನದಲ್ಲೂ ಯಾರೋ ಒಬ್ಬರು ಹೇಳುತ್ತಾರೆ, ಎಲ್ಲರೂ ನಗುತ್ತಾರೆ, ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ.

ಬ್ಲ್ಯಾಕ್ ಲಿಕರ್‌ನಿಂದ ಲಿಗ್ನಿನ್ ಹೊರತೆಗೆಯುವುದು ತತ್ವದಲ್ಲಿ ಸುಲಭ. ಕ್ಷಾರ ಜಾಸ್ತಿ ಇದ್ದಷ್ಟು ಹೊತ್ತು ಅದು ಕರಗಿರುತ್ತದೆ. ಕ್ಷಾರ ಇಳಿಸಿದರೆ ಒಡೆದ ಹಾಲಿನ ಹಾಗೆ ಗಷ್ಟುಗಟ್ಟುತ್ತದೆ. ಸ್ವೀಡನ್‌ನಲ್ಲಿ ಬೆಳೆದ ಲಿಗ್ನೋಬೂಸ್ಟ್ ಅನ್ನುವ ವಿಧಾನದಲ್ಲಿ ಇದಕ್ಕೆ ಇಂಗಾಲದ ಡೈಆಕ್ಸೈಡ್ ಅನಿಲ ಹಾಯಿಸುತ್ತಾರೆ. ಪಿಎಚ್ ಸುಮಾರು 10ಕ್ಕೆ ಇಳಿದಾಗ ಲಿಗ್ನಿನ್ ಬೇರೆಯಾಗುತ್ತದೆ. ಸೋಸಿ, ಆಮ್ಲದ ನೀರಿನಲ್ಲಿ ಮತ್ತೆ ಕದಡಿ, ಮತ್ತೆ ಸೋಸಿ ತೊಳೆಯುತ್ತಾರೆ. ಆ ಎರಡನೇ ಸಲದ ಕದಡುವಿಕೆಯೇ ಇದರ ಗುಟ್ಟು. ಅದಿಲ್ಲದೆ ತೊಳೆಯಲು ಹೋದರೆ ಗಷ್ಟು ಬಿಗಿದುಕೊಂಡು ನೀರೇ ಇಳಿಯುವುದಿಲ್ಲ. ಈ ವಿಧಾನದ ಮೊದಲ ವಾಣಿಜ್ಯ ಘಟಕ 2013ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಪ್ಲಿಮತ್‌ನಲ್ಲಿ ಶುರುವಾಯಿತು. 2015ರಲ್ಲಿ ಫಿನ್ಲೆಂಡಿನ ಸುನಿಲಾದಲ್ಲಿ ವರ್ಷಕ್ಕೆ 50,000 ಟನ್ ಸಾಮರ್ಥ್ಯದ ಇನ್ನೊಂದು ಬಂತು.

ಆದರೆ ಹೀಗೆ ಸಿಕ್ಕಿದ್ದು ಮರದಲ್ಲಿದ್ದ ಲಿಗ್ನಿನ್ ಅಲ್ಲ. ಬೇಯಿಸುವಾಗ ಸುಲಭದ ಆ ಆಮ್ಲಜನಕದ ಕೊಂಡಿಗಳು ಮುರಿದುಹೋಗಿವೆ. ಮುರಿದ ತುದಿಗಳು ಸುಮ್ಮನಿರದೆ ಒಂದಕ್ಕೊಂದು ಹೊಸದಾಗಿ, ಇನ್ನೂ ಗಟ್ಟಿಯಾಗಿ ಕಚ್ಚಿಕೊಂಡಿವೆ. ಗಂಧಕವೂ ಸ್ವಲ್ಪ ಸೇರಿಕೊಂಡಿದೆ. ಸೀಸೆ ಮೂಸಿದವರ ಮುಖ ನೋಡಿದರೆ ಗೊತ್ತಾಗುತ್ತಿದೆ. ಸುಟ್ಟ ಕಟ್ಟಿಗೆ, ಜೊತೆಗೆ ಏನೋ ಕೊಳೆತ ಹಾಗೆ, ಅಲ್ವಾ?

ಹಾಗಾಗಿ ಕೆಲವರು ಕೆಲಸವನ್ನೇ ತಿರುಗಿಸಿ ಹಾಕಿದ್ದಾರೆ. ನಾರು ಮೊದಲು, ಲಿಗ್ನಿನ್ ಆಮೇಲೆ ಅನ್ನುವ ಬದಲು, ಲಿಗ್ನಿನ್ನನ್ನೇ ಮೊದಲು ಜೋಪಾನವಾಗಿ ತೆಗೆಯೋಣ ಅಂತ. ಮರವನ್ನು ಆಲ್ಕೋಹಾಲ್‌ನಲ್ಲಿ ಬೇಯಿಸುತ್ತಾ, ಮುರಿದ ತುಂಡುಗಳು ಮತ್ತೆ ಅಂಟಿಕೊಳ್ಳುವ ಮೊದಲೇ ಅವನ್ನು ಲೋಹದ ವೇಗವರ್ಧಕ ಮತ್ತು ಹೈಡ್ರೋಜನ್‌ನಿಂದ ಸುಮ್ಮನಾಗಿಸುವುದು ಒಂದು ದಾರಿ. 2016ರಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿರುವ ಇಪಿಎಫ್‌ಎಲ್ ಅನ್ನುವ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಇನ್ನೊಂದು ಜಾಣ ದಾರಿ ತೋರಿಸಿತು. ಬೇಯಿಸುವಾಗ ಫಾರ್ಮಾಲ್ಡಿಹೈಡ್ ಸೇರಿಸಿದರೆ, ಅದು ಕಚ್ಚಿಕೊಳ್ಳಲು ಕಾದಿರುವ ಜಾಗಕ್ಕೆ ಮುಚ್ಚಳ ಹಾಕಿಬಿಡುತ್ತದೆ. ಆಮೇಲೆ ಬೇಕಾದಾಗ ಆ ಮುಚ್ಚಳ ತೆಗೆದು ಬಿಡಿ ಮಣಿಗಳನ್ನು ಪಡೆಯಬಹುದು. ನನಗೆ ಇದು ತುಂಬಾ ಇಷ್ಟವಾದ ಕೆಲಸ. ಮರ ಲಿಗ್ನಿನ್ ಕಟ್ಟಿದ ರೀತಿಗೆ ಇದರಲ್ಲಿ ಒಂದು ಮರ್ಯಾದೆ ಇದೆ.

ಈಗ ಪ್ಲಾಸ್ಟಿಕ್‌ಗೆ ಬರೋಣ. ನನ್ನ ಮೊದಲ ಸೋಲಿನಿಂದಲೇ ಶುರು ಮಾಡುತ್ತೇನೆ.

ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ, ಕ್ರಾಫ್ಟ್ ಲಿಗ್ನಿನ್ನನ್ನು ಒಂದು ಮಾಮೂಲಿ ಪ್ಲಾಸ್ಟಿಕ್‌ಗೆ ನೂರಕ್ಕೆ ನಲವತ್ತರಷ್ಟು ಬೆರೆಸಿ, ಬಿಸಿ ಮಾಡಿ, ತೆಳ್ಳಗಿನ ಹಾಳೆ ಒತ್ತಿದೆ. ನೋಡಲು ಚೆನ್ನಾಗಿ ಬಂತು. ಎತ್ತಿ ಬಗ್ಗಿಸಿದೆ. ಒಣಗಿದ ಎಲೆಯ ಹಾಗೆ ಪಟಾರನೆ ಮುರಿಯಿತು. ಲಿಗ್ನಿನ್ ಕಡಿಮೆ ಮಾಡಿದೆ, ಮುರಿಯುವುದು ನಿಂತಿತು. ಆದರೆ ಹತ್ತರಷ್ಟು ಲಿಗ್ನಿನ್ ಇರುವ ಪ್ಲಾಸ್ಟಿಕ್ ಅಂದರೆ ತೊಂಬತ್ತರಷ್ಟು ಹಳೆಯ ಪ್ಲಾಸ್ಟಿಕ್ಕೇ ತಾನೇ? ಕೆಲವು ತಿಂಗಳು ಹೀಗೇ ಮುರಿಯುವುದು, ನಾಚಿಕೆಪಡುವುದು ನಡೆಯಿತು.

ಕಾರಣ ಆಮೇಲೆ ಅರ್ಥವಾಯಿತು. ಪಾಲಿಥಿನ್ ಅಂಥವು ಬಗ್ಗುವುದು ಅವುಗಳ ಅಣುಗಳು ಉದ್ದ ಸರಪಣಿಗಳಾಗಿ ಒಂದರ ಮೇಲೊಂದು ಜಾರುವುದರಿಂದ. ಲಿಗ್ನಿನ್‌ನ ಸಿಕ್ಕುಂಡೆ ಜಾರುವುದಿಲ್ಲ. ಅದು ಬಿಗಿ, ಅದರ ಉಂಗುರಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಬಿಸಿ ಮಾಡಿದರೆ ಸುಮಾರು 100 ಡಿಗ್ರಿ ದಾಟಿದ ಮೇಲೆ ಮೆತ್ತಗಾಗುತ್ತದೆ, ಇನ್ನೂ ಹೆಚ್ಚು ಬಿಸಿ ಮಾಡಿದರೆ ಹರಿಯುವ ಬದಲು ಒಳಗೊಳಗೇ ಅಂಟಿಕೊಂಡು ಮತ್ತೆ ಗಟ್ಟಿಯಾಗುತ್ತದೆ. ತೆಳು ಚೀಲದ ಕೆಲಸಕ್ಕೆ ಇದು ಹುಟ್ಟಿದ್ದೇ ಅಲ್ಲ. ನಾವು ಬಲವಂತ ಮಾಡುತ್ತಿದ್ದೆವು.

ಬಲವಂತ ಬಿಟ್ಟವರಿಗೆ ಫಲ ಸಿಕ್ಕಿದೆ. ಜರ್ಮನಿಯ ಟೆಕ್ನಾರೋ ಕಂಪನಿಯ ಆರ್ಬೋಫಾರ್ಮ್ ಒಂದು ಉದಾಹರಣೆ. ಲಿಗ್ನಿನ್‌ಗೆ ಸಸ್ಯದ ನಾರು, ಬೇರೆ ಕೆಲವು ವಸ್ತು ಸೇರಿಸಿ ಹರಳು ಮಾಡುತ್ತಾರೆ. ಅದನ್ನು ಪ್ಲಾಸ್ಟಿಕ್ ಎರಕದ ಯಂತ್ರದಲ್ಲೇ ಕರಗಿಸಿ ಅಚ್ಚಿಗೆ ತುಂಬಬಹುದು. 'ದ್ರವ ಮರ' ಅಂತ ಅದಕ್ಕೆ ಹೆಸರು ಬಿದ್ದಿದೆ. ಇಲ್ಲಿ ಬಗ್ಗುವ ಮಾತೇ ಇಲ್ಲ, ಗಟ್ಟಿ ವಸ್ತುಗಳು ಮಾತ್ರ. ಬಣ್ಣ ಕಂದು, ಅದನ್ನು ಮುಚ್ಚಿಡುವುದೂ ಇಲ್ಲ.

ಇನ್ನೊಂದು, ನನ್ನ ಲೆಕ್ಕದಲ್ಲಿ ಇನ್ನೂ ಸಹಜವಾದ ಜಾಗ ಪ್ಲೈವುಡ್ಡಿನ ಅಂಟು. 1907ರಲ್ಲಿ ಲಿಯೋ ಬೇಕೆಲ್ಯಾಂಡ್ ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಬೇಕೆಲೈಟ್ ಮಾಡಿದರು. ಇವತ್ತಿಗೂ ಮಳೆಗಾಳಿಗೆ ನಿಲ್ಲಬೇಕಾದ ಪ್ಲೈವುಡ್ ಅನ್ನು ಅಂಟಿಸುವುದು ಅದೇ ಜಾತಿಯ ರಾಳದಿಂದ. ಅದರ ಫಿನಾಲ್ ಪೆಟ್ರೋಲಿಯಂನಿಂದ ಬರುತ್ತದೆ. ಲಿಗ್ನಿನ್‌ನ ಮಣಿಗಳೂ ಫಿನಾಲ್‌ನ ನೆಂಟರೇ. ಹಾಗಾಗಿ ರಾಳದಲ್ಲಿ ಫಿನಾಲ್‌ನ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ತೆಗೆದು ಲಿಗ್ನಿನ್ ಹಾಕಬಹುದು. ಸೂಜಿಯೆಲೆ ಮರದ ಲಿಗ್ನಿನ್ ಇಲ್ಲಿ ಹೆಚ್ಚು ಚುರುಕು, ಏಕೆಂದರೆ ಅದರ ಉಂಗುರದಲ್ಲಿ ಫಾರ್ಮಾಲ್ಡಿಹೈಡ್ ಬಂದು ಕೂರಲು ಒಂದು ಜಾಗ ಹೆಚ್ಚು ಖಾಲಿ ಇರುತ್ತದೆ. ಇದು ಪ್ರಯೋಗಶಾಲೆಯ ಮಾತಲ್ಲ. ಯುರೋಪಿನಲ್ಲಿ ಇಂಥ ಪ್ಲೈವುಡ್ ಮಾರುಕಟ್ಟೆಯಲ್ಲಿದೆ. ಮರದಿಂದ ತೆಗೆದ ಅಂಟು ಮತ್ತೆ ಮರವನ್ನೇ ಅಂಟಿಸುತ್ತಿದೆ. ಹಲಗೆ ಹೇಗೂ ಕಂದು, ಅಂಟಿನ ಗೆರೆಯೂ ಕಂದು. ಯಾರಿಗೂ ತಕರಾರಿಲ್ಲ.

ಪಾಲಿಯುರೆಥೇನ್ ಫೋಮ್, ಕಾರ್ಬನ್ ಫೈಬರ್, ಬ್ಯಾಟರಿಯ ಇಂಗಾಲ, ರಸ್ತೆಯ ಡಾಂಬರಿಗೆ ಬೆರಕೆ ಹೀಗೆ ಪಟ್ಟಿ ಉದ್ದ ಇದೆ. ಡಾಂಬರಿನ ಪ್ರಯೋಗ ನೆದರ್‌ಲ್ಯಾಂಡ್ಸ್‌ನಲ್ಲಿ ನಿಜವಾದ ರಸ್ತೆಗಳ ಮೇಲೇ ನಡೆದಿದೆ. ಕಪ್ಪು ರಸ್ತೆಗೆ ಕಂದು ಪುಡಿ, ಅಲ್ಲೂ ಬಣ್ಣದ ಜಗಳವಿಲ್ಲ. ಇವನ್ನೆಲ್ಲ ಬಿಟ್ಟು ನಾನು ಲೇಪನದ ಕಡೆ ಹೋಗುತ್ತೇನೆ. ನನ್ನ ಈಗಿನ ಕೆಲಸ ಅದು, ಪಕ್ಷಪಾತವೂ ಅದರ ಕಡೆಗೇ.

ಲೇಪನ ಅಂದರೆ ಏನು ಕೇಳುತ್ತೀರಿ? ತೆಳ್ಳಗೆ ಕೂರಬೇಕು. ಅಂಟಬೇಕು. ನೀರು ತಡೆಯಬೇಕು. ಬಿಸಿಲು ತಡೆಯಬೇಕು. ಮರದೊಳಗೆ ಲಿಗ್ನಿನ್ ಮಾಡುವ ಕೆಲಸಗಳ ಪಟ್ಟಿ ನೆನಪು ಮಾಡಿಕೊಳ್ಳಿ. ಅದೇ ಪಟ್ಟಿ! ಚೀಲವಾಗು ಅಂದರೆ ಮುರಿದು ಬೀಳುವ ವಸ್ತು, ಗಟ್ಟಿಯಾದ ಯಾವುದೋ ಒಂದರ ಮೈಮೇಲೆ ತೆಳ್ಳಗೆ ಕೂತುಕೋ ಅಂದರೆ ಹಾಯಾಗಿ ಕೂರುತ್ತದೆ. ಬಗ್ಗುವ ಹೊರೆ ಈಗ ಅದರ ಮೇಲಿಲ್ಲ.

ಆದರೆ ಬಳಿಯುವುದು ಹೇಗೆ? ಲಿಗ್ನಿನ್ ನೀರಿನಲ್ಲಿ ಕರಗದು. ಘಾಟು ದ್ರಾವಕಗಳಲ್ಲಿ ಕರಗಿಸಿ ಬಳಿಯಬಹುದು, ಆಗ ಆ ದ್ರಾವಕದ ಆವಿಯನ್ನು ನಾವು ಕುಡಿಯಬೇಕಾಗುತ್ತದೆ. ಇಲ್ಲಿ ಒಂದು ಸೊಗಸಾದ ಉಪಾಯ ಇದೆ. ಲಿಗ್ನಿನ್ನನ್ನು ಅಸಿಟೋನ್ ಮತ್ತು ಸ್ವಲ್ಪ ನೀರಿನಲ್ಲಿ ಕರಗಿಸಿ. ಅದನ್ನು ಜೋರಾಗಿ ತಿರುಗುತ್ತಿರುವ ನೀರಿಗೆ ಒಮ್ಮೆಲೇ ಸುರಿಯಿರಿ. ಸುತ್ತ ನೀರು ಜಾಸ್ತಿಯಾದ ತಕ್ಷಣ ಲಿಗ್ನಿನ್ ಗಾಬರಿಯಾಗುತ್ತದೆ. ನೀರು ಆಗದ ಭಾಗಗಳೆಲ್ಲ ಒಳಗೆ ಮುದುಡಿಕೊಳ್ಳುತ್ತವೆ, ನೀರನ್ನು ಸಹಿಸುವ ಗುಂಪುಗಳು ಹೊರಗೆ ಉಳಿಯುತ್ತವೆ. ಸಿಗುವುದು ಗುಂಡಗಿನ ಪುಟ್ಟ ಉಂಡೆಗಳು, ಸಾಮಾನ್ಯವಾಗಿ ನೂರು ನ್ಯಾನೋಮೀಟರ್ ಆಸುಪಾಸು. ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲು ಅಂದುಕೊಳ್ಳಿ. ಅವುಗಳ ಮೈಮೇಲೆ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತಾ ನೀರಿನಲ್ಲಿ ತೇಲಿಕೊಂಡಿರುತ್ತವೆ. ಅಸಿಟೋನ್ ಆವಿ ಮಾಡಿ ವಾಪಸು ಪಡೆದುಕೊಂಡರೆ ಉಳಿದದ್ದು ನೀರು ಮತ್ತು ಲಿಗ್ನಿನ್, ಅಷ್ಟೇ.

ಮೊದಲ ಸಲ ಇದನ್ನು ಮಾಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಕಡುಕಂದು ದ್ರಾವಣ ನೀರಿಗೆ ಬಿದ್ದ ಕ್ಷಣಕ್ಕೆ ಹಾಲು ಬೆರೆಸಿದ ಹಾಗೆ ತಿಳಿಗಂದು ಬಣ್ಣಕ್ಕೆ ತಿರುಗಿತು. ನನ್ನ ಜೊತೆಗಾರ "ಹಾಳಾಯಿತು, ಚೆಲ್ಲಿಬಿಡು" ಅಂದ. ಚೆಲ್ಲಲಿಲ್ಲ. ಹಾಳಾಗಿರಲಿಲ್ಲ.

ಆದರೆ ಬರೀ ಉಂಡೆಗಳನ್ನು ಬಳಿದರೆ ಒಣಗಿದ ಮೇಲೆ ಉಜ್ಜಿದರೆ ಬರುತ್ತವೆ. ಕ್ಷಾರ ತಾಕಿದರೆ ಕರಗಿಹೋಗುತ್ತವೆ. ಅವನ್ನು ಒಂದಕ್ಕೊಂದು ಕಟ್ಟಬೇಕು. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದವರು ಎರಡೂ ತುದಿಯಲ್ಲಿ ಎಪಾಕ್ಸಿ ಅನ್ನುವ, ಸುಲಭವಾಗಿ ಕಚ್ಚಿಕೊಳ್ಳುವ ಗುಂಪಿರುವ ಒಂದು ಸಣ್ಣ ಅಣುವನ್ನು ಸೇರಿಸಿ, ಮರದ ಮೇಲೆ ಬಳಿದು, ಬಿಸಿಯಲ್ಲಿ ಗಟ್ಟಿ ಮಾಡಿದರು. ಅಣುವಿನ ಒಂದು ಕೈ ಈ ಉಂಡೆಯನ್ನು, ಇನ್ನೊಂದು ಕೈ ಆ ಉಂಡೆಯನ್ನು ಹಿಡಿಯುತ್ತದೆ. ನೀರು ನಿಲ್ಲದೆ ಜಾರುತ್ತದೆ, ಬಿಸಿಲಿಗೆ ಮರ ಬಣ್ಣಗೆಡುವುದು ಕಡಿಮೆಯಾಗುತ್ತದೆ. ಇನ್ನೂ ಒಂದು ಲಾಭ ಇದೆ. ಮಾಮೂಲಿ ವಾರ್ನಿಷ್ ಮರದ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಇಲ್ಲಿ ಉಂಡೆಗಳು ರಂಧ್ರದ ಗೋಡೆಗೆ ಮಾತ್ರ ಅಂಟುವುದರಿಂದ ಮರ ತೇವ ಬಿಡುವುದು, ಹೀರುವುದು ನಡೆಯುತ್ತಲೇ ಇರುತ್ತದೆ.

ಡಬ್ಬಿಯ ಒಳಲೇಪನವೂ ಒಂದು ದೊಡ್ಡ ಅವಕಾಶ. ತವರದ ಡಬ್ಬಿಗಳ ಒಳಗೆ ತುಕ್ಕು ಹಿಡಿಯದಿರಲಿ ಅಂತ ಬಳಿಯುವ ಎಪಾಕ್ಸಿಯನ್ನು ದಶಕಗಳಿಂದ ಬಿಸ್ಫಿನಾಲ್ ಎ ಬಳಸಿ ಮಾಡುತ್ತಿದ್ದರು. ಅದು ದೇಹದ ಹಾರ್ಮೋನುಗಳ ಕೆಲಸ ಕೆಡಿಸುತ್ತದೆ ಅಂತ, ಯುರೋಪಿಯನ್ ಒಕ್ಕೂಟ 2024ರ ಕೊನೆಯಲ್ಲಿ ಆಹಾರ ತಾಗುವ ವಸ್ತುಗಳಲ್ಲಿ ಅದನ್ನು ನಿಷೇಧಿಸುವ ನಿಯಮ ತಂದಿತು. ಈಗ ಬದಲಿ ಬೇಕು. ಅದಕ್ಕೂ ಎರಡು ಫಿನಾಲ್ ಉಂಗುರ ಇರಬೇಕು, ಆದರೆ ಹಾರ್ಮೋನಿನ ಹಾಗೆ ನಟಿಸಬಾರದು. ಲಿಗ್ನಿನ್‌ನ ಮಣಿಗಳಲ್ಲಿ ಉಂಗುರದ ಪಕ್ಕ ಮೀಥಾಕ್ಸಿ ಅನ್ನುವ ದಪ್ಪ ಗುಂಪೊಂದು ಅಂಟಿಕೊಂಡಿರುತ್ತದೆ. ಅದು ಇರುವುದರಿಂದ ಹಾರ್ಮೋನಿನ ಬೀಗಕ್ಕೆ ಈ ಕೀಲಿ ಸರಿಯಾಗಿ ಕೂರುವುದಿಲ್ಲ ಅನ್ನುವುದು ಸಂಶೋಧಕರ ಆಸೆ. ಹಾಗಂತ 'ಮರದಿಂದ ಬಂದದ್ದು, ಆದ್ದರಿಂದ ಸುರಕ್ಷಿತ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪ್ರತಿಯೊಂದನ್ನೂ ಪರೀಕ್ಷೆ ಮಾಡಲೇಬೇಕು. ಎಷ್ಟೋ ವಿಷಗಳೂ ಗಿಡಗಳಿಂದಲೇ ಬಂದಿವೆ.

ಹಾಗಾದರೆ ಇದೆಲ್ಲ ಪರಿಸರಸ್ನೇಹಿಯೇ? ಕೆಲವೊಮ್ಮೆ ಹೌದು. ನಾನು ಯಾವುದೇ ಲಿಗ್ನಿನ್ ಸುದ್ದಿ ಓದಿದರೂ ಮೊದಲು ಹುಡುಕುವುದು ಉಳಿದ ಪಾಲು ಏನು ಅನ್ನುವುದನ್ನು. ನೂರರಲ್ಲಿ ಇಪ್ಪತ್ತು ಲಿಗ್ನಿನ್, ಎಂಬತ್ತು ಪೆಟ್ರೋಲಿಯಂ ಇದ್ದು ಡಬ್ಬದ ಮೇಲೆ ಹಸಿರು ಎಲೆಯ ಚಿತ್ರ ಇದ್ದರೆ, ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯಿತು. ಪಾಲಿಯುರೆಥೇನ್‌ನಲ್ಲಿ ಲಿಗ್ನಿನ್ ಹಾಕಿದರೂ ಅದನ್ನು ಕಟ್ಟಲು ಜೊತೆಗೆ ಬೆರೆಸುವ ಐಸೋಸಯನೇಟ್ ಅನ್ನುವ ರಾಸಾಯನಿಕ ಹಳೆಯದೇ, ಅದರ ವಿಷವೂ ಹಳೆಯದೇ.

ಆಮೇಲೆ, ಸಾಯುವ ಪ್ರಶ್ನೆ. ಲಿಗ್ನಿನ್ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕೊಳೆಯದಿರಲಿ ಅಂತಲೇ ಮರ ಅದನ್ನು ಕಟ್ಟಿದೆಯಲ್ಲ! ಬಿಳಿಕೊಳೆ ಶಿಲೀಂಧ್ರಗಳು ಅದನ್ನು ಪೂರ್ತಿಯಾಗಿ ಒಡೆಯಬಲ್ಲವು. ಬಿದ್ದ ಮರದ ಮೇಲೆ ಕಾಣುವ ಎಷ್ಟೋ ಅಣಬೆಗಳು ಈ ಗುಂಪಿನವು. ಆದರೆ ಅವಕ್ಕೂ ನಿಧಾನವಾಗಿ ಮಾಡುವ ಕೆಲಸ ಅದು. ನಾವು ಎಪಾಕ್ಸಿಯಿಂದ ಅಡ್ಡಕೊಂಡಿ ಹಾಕಿ ಬಿಗಿದ ಲಿಗ್ನಿನ್ ಇನ್ನೂ ಕಷ್ಟ. ಅದನ್ನು ಕರಗಿಸಿ ಮತ್ತೆ ಅಚ್ಚು ಹಾಕಲೂ ಬರುವುದಿಲ್ಲ. ಹತ್ತು ವರ್ಷ ಬಾಗಿಲ ಮೇಲೆ ನಿಲ್ಲಬೇಕಾದ ಲೇಪನಕ್ಕೆ ಇದು ಗುಣ. ಒಂದು ಸಲ ಬಳಸಿ ಎಸೆಯುವ ವಸ್ತುವಿಗೆ ಇದೇ ದೋಷ. ಬೇಕಾದಾಗ ಬಿಚ್ಚಿಕೊಳ್ಳುವ ಕೊಂಡಿಗಳನ್ನು ಹಾಕುವ ಕೆಲಸ ಈಗ ಜೋರಾಗಿ ನಡೆಯುತ್ತಿದೆ. ನನ್ನ ಮೇಜಿನ ಮೇಲೂ ಅದೇ ಇದೆ.

ಇನ್ನು ಸೌದೆಯ ಲೆಕ್ಕ. ಬಾಯ್ಲರ್‌ನಿಂದ ಲಿಗ್ನಿನ್ ಕಸಿದುಕೊಂಡು, ಆ ಜಾಗಕ್ಕೆ ಕಲ್ಲಿದ್ದಲು ಹಾಕಿದರೆ ನಾವು ಗೆದ್ದದ್ದೇನು? ಆದರೆ ಬಾಯ್ಲರ್‌ಗೆ ಹೊರೆ ಮಿತಿ ಮೀರಿದ ಕಾರ್ಖಾನೆಗಳಿವೆ. ಅಲ್ಲಿ ಒಂದಿಷ್ಟು ಲಿಗ್ನಿನ್ ತೆಗೆದರೆ ಅವರು ಹೆಚ್ಚು ಪಲ್ಪ್ ಮಾಡಬಹುದು. ಅಂಥ ಕಡೆ ಇಬ್ಬರಿಗೂ ಲಾಭ. ಸುನಿಲಾದ ಕತೆ ಇನ್ನೊಂದು ಮುಖ ತೋರಿಸುತ್ತದೆ. 2023ರಲ್ಲಿ, ಮರದ ಬೆಲೆ ಏರಿ, ಅಲ್ಲಿನ ಪಲ್ಪ್ ಕಾರ್ಖಾನೆಯನ್ನೇ ಮುಚ್ಚುವ ತೀರ್ಮಾನವಾಯಿತು. ಪಲ್ಪ್ ಇಲ್ಲದೆ ಬ್ಲ್ಯಾಕ್ ಲಿಕರ್ ಇಲ್ಲ, ಅದಿಲ್ಲದೆ ಲಿಗ್ನಿನ್ ಇಲ್ಲ. ಲಿಗ್ನಿನ್ ಎಷ್ಟೇ ಜಾಣ ವಸ್ತುವಾದರೂ ಅದು ಇನ್ನೊಬ್ಬರ ಮನೆಯಲ್ಲಿ ಬಾಡಿಗೆಗಿದೆ.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.

ಮೊದಲ ಪ್ರಶ್ನೆ ಒಬ್ಬ ಹಿರಿಯರಿಂದ ಬಂತು. "ಇದಕ್ಕಾಗಿ ಇನ್ನಷ್ಟು ಮರ ಕಡಿಯಬೇಕಾಗುತ್ತದಲ್ಲವೇ?"

ಈಗಿನ ಮಟ್ಟಕ್ಕೆ ಇಲ್ಲ ಸರ್. ಈಗಾಗಲೇ ಕಡಿದು ಬೇಯಿಸುತ್ತಿರುವ ಮರದಲ್ಲೇ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಇದೆ. ಆದರೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 40 ಕೋಟಿ ಟನ್ ಪ್ಲಾಸ್ಟಿಕ್ ತಯಾರಾಗುತ್ತದೆ. ಪಲ್ಪ್ ಕಾರ್ಖಾನೆಗಳ ಲಿಗ್ನಿನ್ ಅಷ್ಟೂ ಸಿಕ್ಕಿದರೂ ಅದರ ಆರರಿಂದ ಎಂಟರಲ್ಲಿ ಒಂದು ಪಾಲು ಆಗಬಹುದು. ಎಲ್ಲ ಪ್ಲಾಸ್ಟಿಕ್ಕಿಗೂ ಬದಲಿ ಅಂತ ಯಾರಾದರೂ ಹೊರಟರೆ ನಿಮ್ಮ ಭಯ ನಿಜವಾಗುತ್ತದೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: "ಇದನ್ನು ಬಿಳಿ ಮಾಡೋಕಾಗಲ್ವಾ?"

ಮಾಡಬಹುದಮ್ಮ. ಬ್ಲೀಚ್ ಮಾಡಿದರೆ ಬಣ್ಣ ಇಳಿಯುತ್ತದೆ. ಮೊದಲೇ ಮೆತ್ತಗೆ ಬೇಯಿಸಿದರೆ ತಿಳಿಬಣ್ಣದ್ದೇ ಸಿಗುತ್ತದೆ. ಆದರೆ ಬೆಳಕು ಹೀರುವ ಉಂಗುರಗಳನ್ನೇ ಬ್ಲೀಚ್ ಒಡೆಯುತ್ತಾ ಹೋಗುತ್ತದೆ. ಪೂರ್ತಿ ಬೆಳ್ಳಗಾಗುವ ಹೊತ್ತಿಗೆ ಬಿಸಿಲು ತಡೆಯುವ ಶಕ್ತಿಯೂ ಹೋಗಿರುತ್ತದೆ. ಆ ಪತ್ರಿಕೆಯ ಹಾಳೆ ಮತ್ತು ಬಿಳಿ ಹಾಳೆ, ಎರಡೂ ಒಟ್ಟಿಗೆ ಬೇಕು ಅಂದ ಹಾಗೆ. ನಾನಾದರೆ ಬಿಳಿ ಬೇಡದ ಕೆಲಸಗಳನ್ನೇ ಹುಡುಕುತ್ತೇನೆ.

ಕೊನೆಯ ಪ್ರಶ್ನೆಯ ಹೊತ್ತಿಗೆ ಸೀಸೆ ಸುತ್ತು ಮುಗಿಸಿ ವಾಪಸು ಬಂತು, ಮುಚ್ಚಳ ಸಡಿಲವಾಗಿಯೇ. ಮೂರನೇ ಸಾಲಿನಲ್ಲಿ ಒಬ್ಬರ ಬಿಳಿ ಅಂಗಿಯ ತೋಳಿನ ಮೇಲೆ ಕಂದು ಪುಡಿ ಬಿದ್ದಿತ್ತು. ಅವರು ನೀರಿನ ಬಾಟಲಿ ತೆರೆಯುತ್ತಿದ್ದರು. "ಸರ್, ತಡೀರಿ, ನೀರು ಹಾಕಬೇಡಿ," ಅಂದೆ. "ನೀರಿಗೆ ಅದು ಜಗ್ಗುವುದಿಲ್ಲ. ಕ್ಷಾರಕ್ಕೆ ಕರಗುತ್ತದೆ, ಆದರೆ ಸೋಪು ಹಾಕಿ ಉಜ್ಜಿದರೆ ನೂಲಿನೊಳಗೆ ಇಳಿದುಬಿಡುತ್ತದೆ. ಒಣಗಿದ್ದಾಗಲೇ ಮೆಲ್ಲಗೆ ಜಾಡಿಸಿ." ಅವರು ಜಾಡಿಸಿದರು. ಪಕ್ಕದವರ ಮೇಲೆ ಬಿತ್ತು.